ಎಂಟು ದಿನದ ಗಡ್ಡ

ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡು ಆರು ವಾರ ಪ್ಲಾಸ್ಟರಿನಲ್ಲಿದ್ದೆ. ಮೊನ್ನೆ ಅದನ್ನು ಬಿಚ್ಚಿಸಲು ಹೋದಾಗ ಕ್ಲಿನಿಕ್ಕಿನ ಕಾಂಪೌಂಡರ್ ಪುಟ್ಟ ಗರಗಸ ಹಿಡಿದು ಉದ್ದಕ್ಕೆ ಕೊಯ್ದ. ಬಿಳಿ ಪುಡಿ ಹಾರಿ ಮೂಗಿಗೆ ಬಂತು. ಸುಣ್ಣವೂ ಅಲ್ಲದ, ಮಣ್ಣೂ ಅಲ್ಲದ, ಆಗಷ್ಟೇ ಒದ್ದೆಯಾದ ಗೋಡೆಯಂಥ ಆ ವಾಸನೆ... ಕಟ್ಟಿದ ದಿನ ನೋವಿನಲ್ಲಿ ಅದು ತಿಳಿದಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಅದರಿಂದ ತಪ್ಪಿಸಿಕೊಂಡು ಓಡಾಡಿದ್ದೆ. ಹೊಸ ಮನೆಗಳಲ್ಲಿ ಸೀಲಿಂಗ್ ಕೆಲಸ ನಡೆಯುತ್ತಿದ್ದರೆ ಗೃಹಪ್ರವೇಶದ ಊಟಕ್ಕೂ ಹೋಗುತ್ತಿರಲಿಲ್ಲ.

ಎರಡು ಹೋಳಾದ ಪ್ಲಾಸ್ಟರಿನ ಒಳಮೈಗೆ ನನ್ನ ಕೈಯ ರೋಮಗಳು ಅಂಟಿಕೊಂಡಿದ್ದವು. ಕಸದ ಬುಟ್ಟಿಗೆ ಎಸೆಯಹೊರಟವನನ್ನು ತಡೆದು, "ಕೊಡಪ್ಪ ಇಲ್ಲಿ, ಮನೆಗೆ ತಗೊಂಡು ಹೋಗ್ತೀನಿ" ಅಂದೆ. ಅವನು ನನ್ನ ಮುಖ ನೋಡಿದ, ಥಟ್ಟನೆ ಕಣ್ಣು ತಿರುಗಿಸಿಕೊಂಡ. ಪಾಪ, ಅವನ ತಪ್ಪಲ್ಲ. ಹೆಂಗಸಾದ ನನಗೆ ಗಡ್ಡ ಬರುತ್ತದೆ. ಹರೆಯದಲ್ಲಿ ಶುರುವಾದದ್ದು, ದಿನಾ ಬೆಳಿಗ್ಗೆ ಬೋಳಿಸಿಕೊಂಡು ಐವತ್ತರ ಹತ್ತಿರಕ್ಕೆ ಬಂದಿದ್ದೇನೆ. ಬಲಗೈ ಮುರಿದ ಮೇಲೆ ಎಡಗೈಯಲ್ಲಿ ಬೋಳಿಸಲು ಹೋಗಿ ಎರಡು ಸಲ ಕೊಯ್ದುಕೊಂಡು, ಹಾಳಾಗಿ ಹೋಗಲಿ ಅಂತ ಬಿಟ್ಟಿದ್ದೆ.

ಮನೆಯ ಹೊರಗೆ ಆ ಗಡ್ಡದ ಮಾತನ್ನು ಮೊದಲ ಸಲ ಮುಚ್ಚುಮರೆಯಿಲ್ಲದೆ ಬಾಯಿಬಿಟ್ಟು ಹೇಳಿದವರು ಮೇಸ್ತ್ರಿ. ಅವರ ಹಣೆಯಿಂದ ರಕ್ತ ಬರುವ ಹಾಗೆ ಹೊಡೆದವಳು ನಾನು. ನಮ್ಮ ಪರಿಚಯ ಶುರುವಾದದ್ದೇ ಹಾಗೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದೆ. ಒಂದು ಮಧ್ಯಾಹ್ನ ನಲವತ್ತೈದು ದಾಟಿದ, ಖಾಕಿ ಪ್ಯಾಂಟಿನ ಗಂಡಸೊಬ್ಬರು ಬಂದು, ತೋಳು ಮೇಲೆ ಸರಿಸಿ, ಮೊಣಕೈವರೆಗಿನ ಬಲಗೈಯನ್ನೇ ಮೆಷಿನ್ನಿನ ಗಾಜಿನ ಮೇಲಿಟ್ಟರು. "ಇದರದ್ದೊಂದು ಕಾಪಿ ತೆಗಿಯಮ್ಮ." ಆ ಕೈ ತುಂಬ ಹಸಿರು ಗಾಜಿನ ಬಳೆ. ಬಳೆಗಳ ಕೆಳಗಿನ ಚರ್ಮ ಸುಟ್ಟ ಹಪ್ಪಳದಂತೆ ಗುಳ್ಳೆ ಗುಳ್ಳೆ. ಕಣ್ಣಿಗೆ ಕಾಡಿಗೆ ಬೇರೆ.

"ರೀ, ಗಾಜು ಒಡೆದ್ರೆ ಯಾರು ಕಟ್ಟಿಕೊಡ್ತಾರೆ? ತೆಗೀರಿ ಕೈನ" ಅಂತ ಗದರಿದೆ. ಅವರು ಕೈ ತೆಗೆಯಲಿಲ್ಲ. ನನ್ನ ಗಲ್ಲವನ್ನೇ ನೋಡುತ್ತ, ಹಪ್ಪಳ ಸಂಡಿಗೆಯ ವಿಷಯ ಮಾತಾಡುವಷ್ಟು ಸಲೀಸಾಗಿ, "ಕೆಳಗಿಂದ ಮೇಲಕ್ಕೆ ಬೋಳಿಸ್ಬೇಡ ಕಣಮ್ಮ, ಗಾಯ ಆಗುತ್ತೆ. ಕೂದಲು ಹೋದ ದಿಕ್ಕಿಗೇ ಎಳಿ" ಅಂದರು.

ಅಂಗಡಿಯಲ್ಲಿ ಇನ್ನೂ ಇಬ್ಬರಿದ್ದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಗಲ್ಲಕ್ಕೆ ಕೈ ಹಾಕಿದೆ. ಇನ್ನೊಂದು ಕೈಗೆ ಸಿಕ್ಕಿದ ಸ್ಟೇಪ್ಲರನ್ನು ಬೀಸಿ ಒಗೆದೆ. ಅದು ಹುಬ್ಬಿನ ಮೇಲೆ ಬಡಿದು ಕಾಡಿಗೆಯ ಮೇಲೆ ರಕ್ತ ಇಳಿಯಿತು. ಮೇಸ್ತ್ರಿ ಒರೆಸಿಕೊಂಡು, "ಕೈ ಬಲ ಚೆನ್ನಾಗಿದೆ. ಫೌಂಡ್ರಿಗೆ ಬರಬೇಕಿತ್ತು ನೀನು" ಅಂತ ನಕ್ಕರು. ನಾನು ಅಳುತ್ತಲೇ ಆ ಕೈಯ ಕಾಪಿ ತೆಗೆದುಕೊಟ್ಟೆ. ಹಿಂಬದಿಗೆ ಭದ್ರಾವತಿಯ ಒಂದು ವಿಳಾಸ ಬರೆದು, "ಭಾನುವಾರ ಬಾ" ಅಂತ ಆ ಹಾಳೆಯನ್ನು ನನ್ನ ಕೈಗೇ ಕೊಟ್ಟು ಹೋದರು.

ಗಂಡಸು ಅಂತ ಬರೆದೆನಲ್ಲ, ಅದು ಆವತ್ತು ನನ್ನ ಕಣ್ಣಿಗೆ ಕಂಡದ್ದು. ಆಮೇಲೊಮ್ಮೆ ನೇರವಾಗಿ ಕೇಳಿದಾಗ, "ವಾರದ ದಿನ ಗಂಡಸು, ಭಾನುವಾರ ನಾನು" ಅಂದಿದ್ದರು. ಭಾನುವಾರಗಳಲ್ಲಿ ಅವರು ಸೀರೆ ಉಡುತ್ತಿದ್ದರು, ನೆರಿಗೆ ನನ್ನಮ್ಮನಿಗಿಂತ ಅಚ್ಚುಕಟ್ಟು.

ಭದ್ರಾವತಿಯ ಹಳೇನಗರದಲ್ಲಿ ಮುಚ್ಚಿಹೋದ ಒಂದು ಲೇತ್ ಅಂಗಡಿಯ ಹಿಂದಿನ ಶೆಡ್ಡು ಅದು. ಅಲ್ಲಿ ಸೇರುತ್ತಿದ್ದವರು ಹತ್ತು ಹನ್ನೆರಡು ಜನ. ಗಾಂಧಿ ಬಜಾರಿನ ಬೋರ್ಡ್ ಬರೆಯುವ ಪೇಂಟರ್ ಭಾಯಿಗೆ ಪೋಲಿಯೊದಿಂದ ಒಂದು ಕಾಲು ಸಣ್ಣಗಾಗಿತ್ತು. ರವೀಂದ್ರನಗರದ ಡ್ಯಾನ್ಸ್ ಮಿಸ್‌ಗೆ ಮೈ ತೂಕ ಹೆಚ್ಚಾಯಿತೆಂದು ಶಾಲೆಯವರು ವೇದಿಕೆ ಹತ್ತಿಸುವುದನ್ನು ಬಿಟ್ಟಿದ್ದರು. ಮಿಕ್ಕವರು ಬಂದು ಹೋಗುವವರು. ಗುಂಪಿಗೊಂದು ಹೆಸರಿರಲಿಲ್ಲ. ಮೇಸ್ತ್ರಿ ನಮ್ಮ ಮೈಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರೆಯುತ್ತಿದ್ದರು. ಯಾರು ಯಾವ ಅಂಗವನ್ನು ಮುಚ್ಚಿಕೊಂಡು ಬದುಕಿದ್ದರೋ ಅದನ್ನೇ. ಪೇಂಟರ್ ಭಾಯಿ ಅದಕ್ಕೆ ಬಣ್ಣ ಹಚ್ಚುತ್ತಿದ್ದರು. ಎರೆದ ಅಂಗಗಳ ನಡುವೆ ನಾವು ನಮಗಿಷ್ಟವಾದ ಬಟ್ಟೆಯಲ್ಲಿ ನಡೆಯುವುದನ್ನು, ನಿಲ್ಲುವುದನ್ನು, ಕೊನೆಗೆ ಕುಣಿಯುವುದನ್ನು ಮಿಸ್ ಕಲಿಸುತ್ತಿದ್ದರು. ದಾವಣಿ ಉಟ್ಟ ಬ್ಯಾಂಕ್ ಗುಮಾಸ್ತರೊಬ್ಬರು, ಪಂಚೆ ಕಟ್ಟಿದ ನಾನು... ಹೊರಗೆ ಯಾರಾದರೂ ನೋಡಿದ್ದರೆ ಹುಚ್ಚಾಸ್ಪತ್ರೆ ಅನ್ನುತ್ತಿದ್ದರು. ನನಗೆ ವಾರದಲ್ಲಿ ಉಸಿರಾಡಲು ಸಿಗುತ್ತಿದ್ದದ್ದು ಆ ನಾಲ್ಕು ಗಂಟೆ ಮಾತ್ರ.

ಮೇಸ್ತ್ರಿ ಮೊದಲು ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ಅಚ್ಚು ಕಟ್ಟುವ ಕೆಲಸದಲ್ಲಿದ್ದವರು. ಮರಳಿಗೆ ಕಾಕಂಬಿ ಕಲಸಿ, ಮರದ ಮಾದರಿಯ ಸುತ್ತ ಬಡಿದು, ಮಾದರಿ ತೆಗೆದು, ಆ ಖಾಲಿ ಜಾಗಕ್ಕೆ ಕರಗಿದ ಕಬ್ಬಿಣ ಹುಯ್ಯುವುದು. ಅಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಅಚ್ಚುಗಾರನಿಗೂ ಒಂದು ನಂಬರು. ಅಚ್ಚಿನ ಮೂಲೆಯಲ್ಲಿ ಅದನ್ನು ಒತ್ತಲೇಬೇಕು. ಎರಕದಲ್ಲಿ ಬಿರುಕು ಬಂದರೆ ಮಾದರಿಯನ್ನು ಯಾರೂ ಬೈಯುವುದಿಲ್ಲ, ಲೋಹವನ್ನೂ ಬೈಯುವುದಿಲ್ಲ, ನಂಬರು ನೋಡಿ ಆ ಮನುಷ್ಯನನ್ನು ಕರೆಯುತ್ತಾರೆ. ಇವರದು ಹದಿನೇಳು.

ಒಂದು ದಿನ ಅವಸರಕ್ಕೆ ಮೇಸ್ತ್ರಿ ತಮ್ಮ ಅಚ್ಚನ್ನು ಸರಿಯಾಗಿ ಒಣಗಿಸದೆ ಕಬ್ಬಿಣ ಹುಯ್ಯಲು ಬಿಟ್ಟರಂತೆ. ಹಸಿ ಅಚ್ಚಿನೊಳಗೆ ನೀರು ಆವಿಯಾಗಿ ಇಡೀ ಎರಕ ಸಿಡಿಯಿತು. ಇವರ ಎದೆ, ಬಲಗೈ ಬೆಂದವು. ಎದುರಿಗಿದ್ದವನ ಎರಡೂ ಕಣ್ಣು ಹೋದವು. ಅವನ ಕೂಗು ಹೇಗಿತ್ತೆಂದು ಮೇಸ್ತ್ರಿ ಒಮ್ಮೆ ಹೇಳಲು ಹೊರಟು, ಅರ್ಧಕ್ಕೇ ಬಿಟ್ಟು, ಬಕೆಟ್ಟಿನ ಪ್ಲಾಸ್ಟರ್ ಕಲಸತೊಡಗಿದರು. "ನಂಬರ್ ನಂದು. ತಪ್ಪೂ ನಂದೇ" ಅಂದರು ಕಡೆಗೆ. ನಮ್ಮ ಪ್ಲಾಸ್ಟರ್ ಅಂಗಗಳ ಹಿಂಬದಿಗೂ ಅವರು ಹದಿನೇಳನ್ನೇ ಒತ್ತುತ್ತಿದ್ದರು. ಯಾರ ಹೆಸರನ್ನೂ ಎಲ್ಲೂ ಬರೆಯಕೂಡದು ಅನ್ನುವುದು ಅವರ ಒಂದೇ ಕಟ್ಟಳೆ. "ಹೆಸರಿದ್ರೆ ಹುಡುಕ್ಕೊಂಡು ಬರ್ತಾರೆ. ನಂಬರಿದ್ರೆ ನನ್ನತ್ರ ಬರ್ತಾರೆ."

ಇನ್ನು ನನ್ನ ಮನೆ. ಗೋಪಾಳದಲ್ಲಿ ಅಮ್ಮ, ಅಣ್ಣ, ನಾನು. ಅಪ್ಪ ಹೋದ ಮೇಲೆ ಅಣ್ಣನೇ ಯಜಮಾನ. ಹೆಣ್ಣು ನೋಡಲು ಬರುವ ದಿನಗಳಲ್ಲಿ ಅವನು ಬೆಳಿಗ್ಗೆಯೇ ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ಪರೀಕ್ಷೆ ಮಾಡುತ್ತಿದ್ದ. ಒಮ್ಮೆ ಅವನ ಬ್ಲೇಡು ನಾನು ಬಳಸಿ ಮೊಂಡಾಯಿತೆಂದು ಬೆಲ್ಟಿನಲ್ಲಿ ಹೊಡೆದ. ಇನ್ನೊಮ್ಮೆ, ನಾರು ಬೇರು ಮಾರುವ ಗ್ರಂಧಿಗೆ ಅಂಗಡಿಯಿಂದ ತಂದ ಒಂದು ಹಳದಿ ಪುಡಿಗೆ ಅಮ್ಮ ಸುಣ್ಣ ಕಲಸಿದಳು, ಕೂದಲು ಬುಡಸಮೇತ ಹೋಗುತ್ತದೆ ಅಂತ. ಅಡುಗೆಮನೆ ನೆಲದ ಮೇಲೆ ಅಣ್ಣ ನನ್ನ ಎರಡೂ ಕೈ ಮೆಟ್ಟಿ ಹಿಡಿದ, ಅಮ್ಮ ಬಳಿದಳು. ಚರ್ಮ ಸುಲಿದು ಹದಿನೈದು ದಿನ ಅನ್ನ ಅಗಿಯಲಾಗಲಿಲ್ಲ. ಗಡ್ಡ ಮಾತ್ರ ಮೊದಲಿಗಿಂತ ಜೋರಾಗಿ ಬಂತು. ಅಮ್ಮ ಬಳಿಯುವಾಗ ಅಳುತ್ತಿದ್ದಳು. ಅದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ. ಅಣ್ಣ ಅಳುತ್ತಿರಲಿಲ್ಲ.

ನನ್ನ ಮುಖದ ಅಚ್ಚು ತೆಗೆಯಿರಿ ಎಂದು ನಾನೇ ಕೇಳಿದೆ. "ಬೋಳಿಸಿದ ಮುಖದ್ದು ಬೇಡ. ಎಂಟು ದಿನ ಬಿಟ್ಟು ಬಾ" ಅಂದರು ಮೇಸ್ತ್ರಿ. ಎಂಟು ದಿನ! ಮನೆಯಲ್ಲಿ ಎಂಟು ಗಂಟೆ ಬಿಡುವುದೂ ಕಷ್ಟ. ಉಪಾಯ ಹೇಳಿಕೊಟ್ಟವರು ಡ್ಯಾನ್ಸ್ ಮಿಸ್. ಕೆನ್ನೆಗೆ ಹತ್ತಿ ತುರುಕಿ, ಗಲ್ಲದಿಂದ ನೆತ್ತಿಗೆ ಬಟ್ಟೆ ಕಟ್ಟಿಕೊಂಡು, ಮಂಗನಬಾವು ಬಂದಿದೆ ಅಂದೆ. ಗಂಡಸರಿಗೆ ಅಂಟಿದರೆ ಮಕ್ಕಳಾಗುವುದಿಲ್ಲ ಅಂತ ಯಾರೋ ಹೇಳಿದ್ದರಿಂದ ಅಣ್ಣ ನನ್ನ ಕೋಣೆಯ ಹತ್ತಿರವೂ ಸುಳಿಯಲಿಲ್ಲ. ಆ ಎಂಟು ದಿನ ನಾನು ಹೊದಿಕೆಯೊಳಗೆ ಎಷ್ಟು ನಕ್ಕಿದ್ದೇನೋ.

ಭಾನುವಾರ ಅದೇ ಬಟ್ಟೆ ಕಟ್ಟಿಕೊಂಡು, ಡಾಕ್ಟರ ಹತ್ತಿರ ಹೋಗುತ್ತೇನೆಂದು ಬಸ್ ಹತ್ತಿ ಭದ್ರಾವತಿಗೆ ಹೋದೆ. ಮೇಸ್ತ್ರಿ ಗಡ್ಡಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದರು, ಮೂಗಿಗೆ ಎರಡು ಕೊಳವೆ ಇಟ್ಟರು, ಒದ್ದೆ ಪ್ಲಾಸ್ಟರ್ ಬಟ್ಟೆಯನ್ನು ಪದರ ಪದರವಾಗಿ ಹೊದಿಸಿದರು. ಕತ್ತಲೆ. ಪ್ಲಾಸ್ಟರ್ ಗಟ್ಟಿಯಾಗುತ್ತ ಬಿಸಿಯೇರಿತು. ಸುಣ್ಣದ ದಿನ ನೆನಪಾಗಿ ಕಾಲು ಝಾಡಿಸಿದೆ. ಮೇಸ್ತ್ರಿ ನನ್ನ ಅಂಗೈ ಹಿಡಿದುಕೊಂಡು, "ಇದು ಸುಡಲ್ಲ ಕಣಮ್ಮ, ಬರೀ ಬೆಚ್ಚಗಾಗುತ್ತೆ. ನಾನಿದೀನಿ" ಅನ್ನುತ್ತಲೇ ಇದ್ದರು. ಎಷ್ಟು ಎಣ್ಣೆ ಹಚ್ಚಿದರೂ ತೆಗೆಯುವಾಗ ಹತ್ತಿಪ್ಪತ್ತು ಕೂದಲು ಕಿತ್ತು ಬಂದವು. ಆ ಅಚ್ಚಿನಿಂದ ಎರೆದ ಮುಖದಲ್ಲಿ ಅವು ಹಾಗೇ ನೆಟ್ಟು ನಿಂತವು. ನನ್ನದೇ ಮುಖ, ನನ್ನದೇ ಕೂದಲು. ಅದು ಕೆಟ್ಟದಾಗಿರಲಿಲ್ಲ. ಇಷ್ಟು ವರ್ಷ ಎಲ್ಲರೂ ಸೇರಿ ಹೊಡೆದು ಬಡಿದು ಅಳಿಸಲು ನೋಡಿದ್ದು ಇಷ್ಟು ಚೆಂದದ ಮುಖವನ್ನೇ ಅಂತ ಹೊಟ್ಟೆ ಉರಿಯಿತು.

ಆ ಹೆಮ್ಮೆಯಲ್ಲಿ ತಪ್ಪು ಮಾಡಿದೆ. ಮೇಸ್ತ್ರಿ ಕೈ ತೊಳೆಯಲು ಹೋದಾಗ, ಇನ್ನೂ ಹಸಿಯಿದ್ದ ಮುಖದ ಒಳಮೈಯಲ್ಲಿ ಹೇರ್‌ಪಿನ್ನಿನಿಂದ ನನ್ನ ಹೆಸರು ಗೀಚಿದೆ, ಇನಿಷಿಯಲ್ ಸಮೇತ. ಯಾರೂ ನೋಡಲಿಲ್ಲ ಅಂದುಕೊಂಡೆ.

ಕೆಲವು ತಿಂಗಳ ಮೇಲೆ ಶಿವಮೊಗ್ಗದ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಎಲ್ಲವನ್ನೂ ಜನರಿಗೆ ತೋರಿಸಿದೆವು. ಊಟದ ಟೇಬಲ್ಲುಗಳ ಮೇಲೆ ಮದುವೆಗೆ ಹಾಸುವ ಬಿಳಿ ಪೇಪರ್ ಹಾಸಿ, ಎಲೆ ಹಾಕುವ ಜಾಗದಲ್ಲಿ ಒಂದೊಂದು ಅಂಗ. ಪೇಂಟರ್ ಭಾಯಿಯ ಕಾಲು, ಮಿಸ್‌ನ ಹೊಟ್ಟೆ, ಮೇಸ್ತ್ರಿಯ ಬೆಂದ ಎದೆ, ನನ್ನ ಮುಖ. ಬೆಳಿಗ್ಗೆ ಬಂದವರು ಕಡಿಮೆ, ಬಂದವರು ಮೆಲ್ಲಗೆ ಮಾತಾಡಿದರು. ಆಪರೇಷನ್ನಿನಲ್ಲಿ ಒಂದು ಮೊಲೆ ಕಳೆದುಕೊಂಡಿದ್ದ ಒಬ್ಬ ಅಜ್ಜಿ ಮೇಸ್ತ್ರಿಯ ಎದೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾನು ನುಣ್ಣಗೆ ಬೋಳಿಸಿಕೊಂಡು, ರೇಷ್ಮೆ ಸೀರೆಯುಟ್ಟು, ನಿಂಬೆ ಪಾನಕದ ಟ್ರೇ ಹಿಡಿದು ಓಡಾಡುತ್ತಿದ್ದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಅವರು ಬಂದರು. ಇಪ್ಪತ್ತು ಜನ ಇರಬಹುದು. ಹಾಕಿ ಸ್ಟಿಕ್ಕು, ಸೈಕಲ್ ಚೈನು. ಮೂರನೆಯವನು ನನ್ನ ಅಣ್ಣ. ಇಲ್ಲಿ ಬೆತ್ತಲೆ ಹೆಂಗಸರ ಬೊಂಬೆ ಇಟ್ಟಿದ್ದಾರೆ ಅಂತ ಸುದ್ದಿ ಹಬ್ಬಿತ್ತಂತೆ. ಮೊದಲ ಏಟಿಗೆ ಒಡೆದದ್ದು ಪೇಂಟರ್ ಭಾಯಿಯ ಪ್ಲಾಸ್ಟರ್ ಕಾಲು, ಎರಡನೆಯ ಏಟು ಅವರ ನಿಜವಾದ ಕಾಲಿಗೆ. ಮಿಸ್ ಅಜ್ಜಿಯನ್ನೂ ಕಾಲೇಜು ಹುಡುಗಿಯರನ್ನೂ ಅಡುಗೆಮನೆಗೆ ನೂಕಿ ಚಿಲಕ ಹಾಕಿಕೊಂಡರು. ನಾನು ಕೈ ತೊಳೆಯುವ ತೊಟ್ಟಿಯ ಪಕ್ಕ ಕಂಬಕ್ಕೆ ಅಂಟಿ ನಿಂತೆ. ಟ್ರೇ ಕೈಯಲ್ಲೇ ಇತ್ತು.

"ಯಾರ ಮನೆ ಹೆಂಗಸರೋ ಇವರೆಲ್ಲ? ಹೆಸರು ಹೇಳೋ!" ಅಂತ ಮೇಸ್ತ್ರಿಯನ್ನು ಹಿಡಿದರು. ಆವತ್ತು ಅವರು ಕೆಂಪು ಅಂಚಿನ ಹಸಿರು ಸೀರೆ ಉಟ್ಟಿದ್ದರು. ಅದನ್ನು ಎಳೆದು ಹಾಕಿದರು, ರವಿಕೆ ಹರಿದರು. ಬೆಂದ ಎದೆ ಕಂಡು ಒಂದು ಕ್ಷಣ ಎಲ್ಲರೂ ತಡೆದದ್ದು ನಿಜ. ಆಮೇಲೆ ಅಲ್ಲಿಗೇ ಹೊಡೆದರು. ಮೇಸ್ತ್ರಿ ಬಾಯಿಂದ ರಕ್ತ ಉಗಿದು, "ಹಿಂದುಗಡೆ ತಿರುಗಿಸಿ ನೋಡ್ಕಳ್ರಪ್ಪ, ಎಲ್ಲಾದ್ರ ಮೇಲೂ ನನ್ನ ನಂಬರೇ. ಹೊಡಿಯೋದಿದ್ರೆ ನಂಗೆ ಹೊಡೀರಿ" ಅಂದರು. ಅಂದ ಮೇಲೆ ಅವರ ಮುಖ ಬಿಳುಚಿಕೊಂಡಿತು. ಯಾಕೆಂದು ನನಗಷ್ಟೇ ಗೊತ್ತಾಗಬೇಕಿತ್ತು, ನನಗೂ ತಕ್ಷಣ ಹೊಳೆಯಲಿಲ್ಲ.

ಅಣ್ಣ ನನ್ನ ಮುಖವನ್ನು ಕೈಗೆತ್ತಿಕೊಂಡಿದ್ದ. ಗಲ್ಲದ ಕೂದಲು ಎಳೆದು, "ಇದೇನ್ರೋ, ಗಂಡೋ ಹೆಣ್ಣೋ?" ಅಂತ ನಕ್ಕ. ಉಳಿದವರೂ ನಕ್ಕರು. ನಂಬರು ನೋಡಲು ಅವನು ಅದನ್ನು ತಿರುಗಿಸಹೊರಟ. ಒಳಗೆ ನನ್ನ ಹೆಸರಿತ್ತು, ಅವನ ಹೆಸರಿಗಿದ್ದ ಇನಿಷಿಯಲ್ಲೇ ಇತ್ತು.

ಆಗ ಮೇಸ್ತ್ರಿ ಹಿಡಿದವರನ್ನು ಕೊಡವಿ ಹಾರಿದರು. ಅಣ್ಣನ ಕೈಯಿಂದ ಮುಖ ಕಿತ್ತುಕೊಂಡು ತೊಟ್ಟಿಯ ಕಲ್ಲಂಚಿಗೆ ಅಪ್ಪಳಿಸಿದರು. ಒಂದಲ್ಲ, ನಾಲ್ಕೈದು ಸಲ. ಬಿದ್ದ ಚೂರುಗಳನ್ನು ಬರಿಗಾಲಿನಲ್ಲಿ ತುಳಿದು ತುಳಿದು ಹಿಟ್ಟು ಮಾಡಿದರು. ಪಾದದ ರಕ್ತ ಆ ಹಿಟ್ಟಿಗೆ ಬೆರೆಯಿತು. ನನ್ನಿಂದ ಒಂದು ಮಾರು ದೂರದಲ್ಲಿ ಇದೆಲ್ಲ ಆಯಿತು. ಅವರು ಒಂದೇ ಒಂದು ಸಲ ತಲೆಯೆತ್ತಿ ನನ್ನತ್ತ ನೋಡಲಿಲ್ಲ. ನೋಡಿದ್ದರೆ ಉಳಿದವರೂ ನೋಡುತ್ತಿದ್ದರು.

ತಾನು ಒಡೆಯಬೇಕಾದದ್ದನ್ನು ಇನ್ನೊಬ್ಬ ಒಡೆದನೆಂದು ಅಣ್ಣನಿಗೆ ರೇಗಿತು. ಇಬ್ಬರು ಮೇಸ್ತ್ರಿಯ ಬಲಗೈಯನ್ನು ತೊಟ್ಟಿಯ ಕಲ್ಲಿನ ಮೇಲೆ ಒತ್ತಿ ಹಿಡಿದರು. ಅಣ್ಣ ಕಬ್ಬಿಣದ ಮಡಚು ಕುರ್ಚಿಯನ್ನು ಎತ್ತಿ ಹಾಕಿದ, ಬಳೆಗಳು ಪುಡಿಯಾದವು. ಎರಡನೇ ಸಲಕ್ಕೆ ಮೂಳೆಯ ಸದ್ದು ಕೇಳಿತು. ಮೂರನೆಯದಕ್ಕೆ ಅವರು ಕೂಗಲೂ ಇಲ್ಲ.

ಆಗಲೇ ಅಣ್ಣ ನನ್ನನ್ನು ಕಂಡ. "ಏಯ್, ನೀನೇನೇ ಇಲ್ಲಿ?"

ಈಗಲೂ ಕಿವಿಯಲ್ಲಿ ನನ್ನದೇ ದನಿ ಕೇಳುತ್ತದೆ. "ಸುಮ್ನೆ ನೋಡೋಕೆ ಬಂದಿದ್ದೆ ಅಣ್ಣ."

ಅವನು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಕರೆತಂದ. ಅವನ ಅಂಗಿಯ ಬೆನ್ನಿನ ಮೇಲೆ ಬಿಳಿ ಪುಡಿಯಿತ್ತು. ಬೀಳದ ಹಾಗೆ ನಾನು ಅವನ ಹೆಗಲು ಹಿಡಿದುಕೊಂಡಿದ್ದೆ.

ಪೊಲೀಸರು ಬಂದು ಹೋದರು. ಕಣ್ಣಾರೆ ಕಂಡವರು ಯಾರಾದರೂ ಹೇಳಿಕೆ ಕೊಡಬೇಕು ಅಂದರಂತೆ. ಪೇಂಟರ್ ಭಾಯಿ ಹೇಳಲು ಸಿದ್ಧರಿದ್ದರು, ಆದರೆ ಕುರ್ಚಿ ಎತ್ತಿದ್ದು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಹೆಸರು ಹೇಳಿದರೆ ನಾನು ಅಲ್ಲಿ ಯಾಕಿದ್ದೆ ಅನ್ನುವುದೂ ಬರುತ್ತದೆ, ಗಡ್ಡವೂ ಬರುತ್ತದೆ. ಹೇಳಲಿಲ್ಲ.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ. ಮೇಸ್ತ್ರಿಯ ಕೈ ಬೆರಳ ತುದಿಯವರೆಗೆ ಪ್ಲಾಸ್ಟರಿನಲ್ಲಿತ್ತು. ಕಾಡಿಗೆಯಿಲ್ಲದ ಕಣ್ಣು ಯಾರದೋ ಕಣ್ಣಿನಂತೆ ಕಂಡಿತು. ನನಗೆ ಅಳುವ ಬದಲು ಸಿಟ್ಟು ಬಂತು. "ಹೆಸರು ಗೀಚಿದ್ದು ನಿಮಗೆ ಗೊತ್ತಿತ್ತಾ?" ಅಂದೆ.

"ಆವತ್ತೇ ನೋಡಿದ್ದೆ."

"ಮತ್ತೆ ಅಳಿಸಲಿಲ್ಲ ಯಾಕೆ?"

"ಎಷ್ಟು ಖುಷೀಲಿ ಬರ್ದಿದ್ದೆ ಮಾರಾಯ್ತಿ. ಮನಸ್ಸು ಬರ್ಲಿಲ್ಲ." ಆಮೇಲೆ, "ಮತ್ತೆ ಹಸಿ ಅಚ್ಚಿಗೆ ಹುಯ್ದುಬಿಟ್ಟೆ ನೋಡು. ಬುದ್ಧಿ ಬರ್ಲಿಲ್ಲ ನಂಗೆ" ಅಂದರು. ಕುರ್ಚಿ ಎತ್ತಿದವನು ನನ್ನ ಅಣ್ಣ ಅಂತ ಹೇಳಲು ಬಾಯಿ ತೆರೆದೆ. "ಗೊತ್ತು. ನೀನು ಅವನಿಗೆ ಅಣ್ಣ ಅಂದಿದ್ದು ಕೇಳಿಸ್ತು. ಬಿಡು. ಮಜ್ಜಿಗೆ ಸಿಕ್ಕರೆ ತಂದುಕೊಡು" ಅಂದರು. ತಂದುಕೊಟ್ಟೆ, ಎಡಗೈಯಲ್ಲಿ ಚೆಲ್ಲಿಕೊಂಡು ಕುಡಿದರು.

ಆ ಬೆರಳುಗಳು ಮತ್ತೆ ಮಡಚಲಿಲ್ಲ. ಅಚ್ಚು ಕಟ್ಟುವವರಿಗೆ ಕೈ ಹೋದರೆ ಇನ್ನೇನು ಉಳಿಯಿತು? ಶೆಡ್ಡು ಮುಚ್ಚಿತು. ಮೇಸ್ತ್ರಿ ಸೇಲಂ ಕಡೆಯ ಅಕ್ಕನ ಮನೆಗೆ ಹೋದರು. ಐದಾರು ವರ್ಷದ ನಂತರ ಪೇಂಟರ್ ಭಾಯಿ ಜೆರಾಕ್ಸ್ ಅಂಗಡಿಗೆ ಬಂದು, ಅವರು ತೀರಿಹೋದರಂತೆ ಅಂದರು. ಅಕ್ಕನ ಮನೆಯವರು ಪ್ಯಾಂಟು ಅಂಗಿ ತೊಡಿಸಿ ಕಳಿಸಿದರಂತೆ. ಅದನ್ನು ಕೇಳಿ ನಾನು ಕೂಗಾಡಿದ್ದು ಇಡೀ ಬಸ್ ಸ್ಟ್ಯಾಂಡಿಗೆ ಕೇಳಿರಬೇಕು. ಕೂಗಬೇಕಾದ ದಿನ ಪಾನಕದ ಟ್ರೇ ಹಿಡಿದು ನಿಂತಿದ್ದವಳು.

ಮೊನ್ನೆ ಕ್ಲಿನಿಕ್ಕಿಗೆ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದದ್ದು ಅಣ್ಣನೇ. ಈಗ ಅವನಿಗೆ ಸಕ್ಕರೆ ಕಾಯಿಲೆ, ಮಾತು ಮೆತ್ತಗಾಗಿದೆ, ನನ್ನ ಔಷಧಿ ಚೀಟಿಯನ್ನು ಅವನೇ ಜೋಪಾನ ಮಾಡುತ್ತಾನೆ. ಅಮ್ಮ ಹೋದ ಮೇಲೆ ನಾವಿಬ್ಬರೂ ಒಬ್ಬರಿಗೊಬ್ಬರು ಅನ್ನುವ ಹಾಗಾಗಿದೆ. ವಾಪಸು ಬರುವಾಗ ತೊಡೆಯ ಮೇಲಿದ್ದ ಪ್ಲಾಸ್ಟರ್ ಹೋಳು ನೋಡಿ, "ಅದ್ಯಾಕೆ ಹೊತ್ಕೊಂಡು ಬಂದೆ? ಕೈ ಸರಿಯಾಯ್ತಲ್ಲ, ಮೊದ್ಲು ಮುಖ ಸರಿ ಮಾಡ್ಕೊ" ಅಂದ.

"ಅಣ್ಣ, ಆವತ್ತು ಹಾಲ್‌ನಲ್ಲಿ ನೀನು ಹಿಡ್ಕೊಂಡಿದ್ಯಲ್ಲ, ಆ ಮುಖ ನಂದು" ಅಂದೆ. ಇಪ್ಪತ್ತು ವರ್ಷ ನುಂಗಿಕೊಂಡಿದ್ದ ಮಾತು.

ಅಣ್ಣ ಹಾರ್ನ್ ಮಾಡಿ ಒಂದು ಆಟೋ ದಾಟಿಸಿದ. "ಯಾವ ಮುಖ?" ಅಂದ.

ನಾಟಕವಲ್ಲ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಹಾಲ್, ಕುರ್ಚಿ, ಹಸಿರು ಬಳೆ, ಆ ಸದ್ದು, ಯಾವುದೂ. ಅವನ ಯೌವನದ ಎಷ್ಟೋ ಮಧ್ಯಾಹ್ನಗಳಲ್ಲಿ ಅದೂ ಒಂದು.

ನಾನು ಅವನ ಕಡೆ ತಿರುಗಿ, ಗಲ್ಲ ಎತ್ತಿ, "ಇದು" ಅಂದೆ.

ಅವನು ನೋಡಿದ. ಮೊದಲ ಸಲ, ಬೆಳಕಿಗೆ ತಿರುಗಿಸದೆ, ಕೈ ಹಾಕದೆ. ಕಾರನ್ನು ಬದಿಗೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತ. ನಾನು ಜೆರಾಕ್ಸ್ ಅಂಗಡಿಯಿಂದ ಶುರು ಮಾಡಿ ಮಜ್ಜಿಗೆಯವರೆಗೆ ಎಲ್ಲ ಹೇಳಿದೆ. ಹೇಳಿ ಮುಗಿದಾಗ ಹಗುರವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಆ ಮುಖ ನಂದು ಅನ್ನುವ ಮಾತನ್ನು ಕೇಳಬೇಕಾಗಿದ್ದವರು ಮೇಸ್ತ್ರಿ, ಅವರ ಕೈ ಕಲ್ಲಿನ ಮೇಲಿದ್ದಾಗ, ಮೊದಲ ಏಟಿಗೂ ಎರಡನೆಯ ಏಟಿಗೂ ನಡುವೆ.